ಬಂದವನೂ ‘ಓತ್’, ಬರಮಾಡಿಕೊಂಡವನೂ ‘ಓತ್’

ಮನೆಗೆ ಬಂದವನೊಬ್ಬ, ಬಂದವನನ್ನು ಬರಮಾಡಿಕೊಳ್ಳುವವನೊಬ್ಬ. ಒಬ್ಬನು ಕಾಲು ತೊಳೆಯುತ್ತಾನೆ, ಇನ್ನೊಬ್ಬನು ಚೊಂಬು ನೀಡುತ್ತಾನೆ. ಒಬ್ಬನು ಉಣ್ಣುತ್ತಾನೆ, ಇನ್ನೊಬ್ಬನು ಬಡಿಸುತ್ತಾನೆ. ಇಬ್ಬರ ಸ್ಥಾನವೂ ಬೇರೆ, ಕರ್ತವ್ಯವೂ ಬೇರೆ. ಆದುದರಿಂದಲೇ ನಾವು ಒಬ್ಬನನ್ನು ಅತಿಥಿಯೆಂದೂ ಇನ್ನೊಬ್ಬನನ್ನು ಆತಿಥೇಯನೆಂದೂ ಕರೆಯುತ್ತೇವೆ. ಆದರೆ ಮಾತಿನ ಸ್ಪಷ್ಟತೆಗೆ ಹೆಸರಾದ ಫ್ರೆಂಚ್ ಭಾಷೆಯಲ್ಲಿ ಈ ಇಬ್ಬರಿಗೂ ಒಂದೇ ಹೆಸರು. ಬಂದವನೂ ‘ಓತ್’, ಬರಮಾಡಿಕೊಂಡವನೂ ‘ಓತ್’. ಇದು ಹೇಗೆ ಒದಗಿತು, ಇದರಿಂದ ತೊಡಕಾಗುವುದಿಲ್ಲವೆ, ಆ ತೊಡಕಿನಲ್ಲಿಯೇ ಏನಾದರೂ ಸ್ವಾರಸ್ಯವುಂಟೆ ಎಂಬುದನ್ನು ಈ ವಾರ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಮಾತಿನ ರೂಪವನ್ನು ನೋಡೋಣ. ಬರೆಯುವಾಗ ಇದರ ಆದಿಯಲ್ಲಿ ‘ಎಚ್’ ಅಕ್ಷರವುಂಟು, ಉಚ್ಚಾರದಲ್ಲಿ ಅದಿಲ್ಲ. ಕೊನೆಯಲ್ಲಿ ‘ಇ’ ಅಕ್ಷರವುಂಟು, ಅದೂ ಮೂಕ. ನಡುವಣ ‘ಓ’ ಅಕ್ಷರದ ತಲೆಯ ಮೇಲೆ ಮಾತ್ರ, ಮನೆಯ ಮಾಡಿನಂತೆ, ಪುಟ್ಟದೊಂದು ಚಿಹ್ನೆ ಕುಳಿತಿದೆ. ಇದು ಅಲಂಕಾರವಲ್ಲ; ತೀರಿಹೋದ ಅಕ್ಷರವೊಂದರ ಜ್ಞಾಪಕಾರ್ಥವಾಗಿ ಇಟ್ಟದ್ದು. ಹಳೆಯ ಫ್ರೆಂಚಿನಲ್ಲಿ ಈ ಪದದ ನಡುವೆ ಸಕಾರವೊಂದಿತ್ತು. ಕಾಲಕ್ರಮದಲ್ಲಿ ಅದು ಬಾಯಿಂದ ಜಾರಿಹೋಯಿತು. ಕಾಗದದ ಮೇಲೆ ಮಾತ್ರ ಬಹುಕಾಲ ಉಳಿದಿತ್ತು. ೧೭೪೦ರಲ್ಲಿ ಫ್ರೆಂಚ್ ಅಕಾಡೆಮಿಯು ತನ್ನ ನಿಘಂಟಿನ ಮೂರನೆಯ ಆವೃತ್ತಿಯನ್ನು ಹೊರತಂದಾಗ ಇಂಥ ಮೂಕ ಸಕಾರಗಳನ್ನು ತೆಗೆದುಹಾಕಿ, ಅವುಗಳ ಸ್ಥಾನದಲ್ಲಿ ಈ ಚಿಹ್ನೆಯನ್ನಿರಿಸಿತು. ಇಂಗ್ಲಿಷರು ಅದಕ್ಕೆ ಎಷ್ಟೋ ಮೊದಲೇ ಫ್ರೆಂಚಿನಿಂದ ಕಡ ತಂದದ್ದರಿಂದ ಅವರ ‘ಹೋಸ್ಟ್’, ‘ಹಾಸ್ಪಿಟಲ್’, ‘ಫಾರೆಸ್ಟ್’, ‘ಫೀಸ್ಟ್’ ಮೊದಲಾದ ಮಾತುಗಳಲ್ಲಿ ಆ ಸಕಾರ ಇಂದಿಗೂ ಸುಖವಾಗಿದೆ. ಸಾಲ ಕೊಟ್ಟವನ ಮನೆಯಲ್ಲಿ ಕರಗಿಹೋದ ಒಡವೆ, ಸಾಲ ತಂದವನ ಮನೆಯಲ್ಲಿ ಉಳಿದುಬಂದಂತಾಯಿತು.

ಇನ್ನು ಅರ್ಥದ ಮಾತು. ಒಂದೇ ಪದ ಎರಡು ದಿಕ್ಕಿಗೆ ನೋಡಿದರೆ ಫ್ರೆಂಚರ ವ್ಯವಹಾರ ಸಾಗುವುದು ಹೇಗೆ? ಸಂದರ್ಭದಿಂದ ಸಾಗುತ್ತದೆ. ‘ಅವರು ತಮ್ಮ ಓತ್‌ಗಳಿಗೆ ಕೋಣೆಯನ್ನು ತೋರಿಸಿದರು’ ಎಂದರೆ ಬಂದವರು; ‘ಹೊರಡುವ ಮುನ್ನ ತಮ್ಮ ಓತ್‌ಗೆ ವಂದನೆ ಹೇಳಿದರು’ ಎಂದರೆ ಮನೆಯವರು. ಸಂದೇಹಕ್ಕೆ ಎಡೆಯಿರುವ ಕಡೆ ಬಂದವನನ್ನು ‘ಅಂವಿತೆ’, ಎಂದರೆ ಆಹ್ವಾನಿತ, ಎಂದು ಹೇಳಿ ಪಾರಾಗುವುದುಂಟು. ಆದರೆ ಆಹ್ವಾನಿತನಿಗೂ ಓತ್‌ಗೂ ಸೂಕ್ಷ್ಮವಾದ ಅಂತರವಿದೆ. ಆಹ್ವಾನಿತನು ಕರೆದದ್ದರಿಂದ ಬಂದವನು. ಓತ್ ಆದವನು ಕರೆಯದೆಯೂ ಬಂದಿರಬಹುದು. ಮಳೆಗೆ ಸಿಕ್ಕಿ ಬಂದಿರಬಹುದು, ದಾರಿತಪ್ಪಿ ಬಂದಿರಬಹುದು. ನಮ್ಮ ‘ಅತಿಥಿ’ ಶಬ್ದಕ್ಕೂ ಸಾಂಪ್ರದಾಯಿಕರು ಇಂಥದೇ ನಿರ್ವಚನವನ್ನು ಹೇಳುತ್ತಾರಷ್ಟೆ: ಯಾವನ ಬರವಿಗೆ ತಿಥಿಯ ನಿಯಮವಿಲ್ಲವೋ ಅವನು ಅತಿಥಿ.

ಹೆಂಗಸರ ವಿಷಯದಲ್ಲಿ ಈ ಮಾತಿಗೊಂದು ವಿಚಿತ್ರ ನಿಯಮವುಂಟು. ‘ಓತೆಸ್’ ಎಂಬ ಸ್ತ್ರೀಲಿಂಗ ರೂಪವು ಸತ್ಕರಿಸುವ ಗೃಹಿಣಿಗೆ ಮಾತ್ರ ಸಲ್ಲುತ್ತದೆ. ಸತ್ಕಾರ ಪಡೆಯಲು ಬಂದ ಹೆಂಗಸು ‘ಓತ್’ ಆಗಿಯೇ ಉಳಿಯುತ್ತಾಳೆ. ವಿಮಾನದಲ್ಲಿ ತಟ್ಟೆ ಹಿಡಿದು ನಿಲ್ಲುವ ಗಗನಸಖಿಗೂ ಫ್ರೆಂಚಿನಲ್ಲಿ ‘ಗಾಳಿಯ ಓತೆಸ್’ ಎಂದೇ ಹೆಸರು. ಬಡಿಸುವ ಸೌಟು ಕೈಗೆ ಬಂದಾಗ ಮಾತ್ರ ಹೆಂಗಸಿಗೆ ಪ್ರತ್ಯೇಕವಾದ ಹೆಸರು ದೊರೆಯಿತೆಂಬುದನ್ನು ನಮ್ಮ ಓದುಗ ಸೋದರಿಯರು ಗಮನಿಸದೆ ಬಿಡಲಾರರು!

ಒಂದೇ ಮಾತಿನಲ್ಲಿ ಕೊಡುವವನೂ ಕೊಳ್ಳುವವನೂ ಅಡಗಿರುವುದು ಫ್ರೆಂಚರಲ್ಲಿ ಮಾತ್ರ ಎಂದು ತಿಳಿಯಬೇಕಾಗಿಲ್ಲ. ನಮ್ಮ ‘ಸಾಲಗಾರ’ ಶಬ್ದವನ್ನೇ ತೆಗೆದುಕೊಳ್ಳಿ. ‘ಅವನು ತಲೆಯವರೆಗೂ ಸಾಲಗಾರ’ ಎಂದರೆ ಸಾಲ ಪಡೆದವನು. ‘ಸಾಲಗಾರರ ಕಾಟ ತಡೆಯಲಾರದೆ ಊರು ಬಿಟ್ಟ’ ಎಂದರೆ ಸಾಲ ಕೊಟ್ಟವರು. ಇಷ್ಟಾಗಿಯೂ ಯಾವ ಕನ್ನಡಿಗನೂ ಈ ಪದದಿಂದ ಮೋಸಹೋಗಿಲ್ಲ. ‘ಬೀಗರು’ ಎಂಬ ಮಾತಂತೂ ಇನ್ನೂ ಚೆಲುವಾದದ್ದು. ಹೆಣ್ಣಿನ ತಂದೆಗೆ ಗಂಡಿನ ತಂದೆ ಬೀಗ, ಗಂಡಿನ ತಂದೆಗೆ ಹೆಣ್ಣಿನ ತಂದೆ ಬೀಗ. ಮದುವೆಯ ಚಪ್ಪರದಲ್ಲಿ ಯಾರ ಕೈ ಮೇಲೆ, ಯಾರ ಕೈ ಕೆಳಗೆ ಎಂಬುದು ಬೇರೆಯ ಮಾತು. ಶಬ್ದ ಮಾತ್ರ ಇಬ್ಬರನ್ನೂ ಒಂದೇ ಮಣೆಯ ಮೇಲೆ ಕೂಡಿಸುತ್ತದೆ. ಸಂಬಂಧವೇ ಮುಖ್ಯ, ಅದರ ಯಾವ ತುದಿಯಲ್ಲಿ ಯಾರು ನಿಂತಿದ್ದಾರೆಂಬುದು ಗೌಣ ಎಂದು ಭಾಷೆ ಬಗೆದಾಗ ಇಂಥ ಮಾತುಗಳು ಹುಟ್ಟುತ್ತವೆ. ‘ಓತ್’ ಈ ಜಾತಿಯ ಮಾತು.

ಇದರ ತಾಯಿಬೇರು ಲ್ಯಾಟಿನ್ನಿನ ‘ಹಾಸ್ಪೆಸ್’. ಅಲ್ಲಿಯೂ ಇದಕ್ಕೆ ಅತಿಥಿ, ಆತಿಥೇಯ ಎಂಬ ಎರಡರ್ಥವೂ ಇದ್ದುವು. ಗ್ರೀಕರ ‘ಕ್ಸೆನೋಸ್’ ಕೂಡ ಹೀಗೆಯೇ. ಅಪರಿಚಿತ, ಅತಿಥಿ, ಆತಿಥೇಯ ಮೂವರೂ ಅದರಲ್ಲಿ ಅಡಕವಾಗಿದ್ದಾರೆ. ‘ಹಾಸ್ಪೆಸ್’ ಎಂಬುದು ಎರಡು ಅಂಶಗಳಿಂದಾದ ಸಮಾಸವೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಫ್ರೆಂಚ್ ವಿದ್ವಾಂಸ ಎಮಿಲ್ ಬಾಂವೆನಿಸ್ತ್ ೧೯೬೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಉತ್ತರಾಂಶವು ನಮ್ಮ ಸಂಸ್ಕೃತದ ‘ಪತಿ’ ಶಬ್ದದ ಸೋದರ. ಗೃಹಪತಿ, ಸೇನಾಪತಿ ಎನ್ನುವಾಗಿನ ಪತಿ, ಒಡೆಯ. ಪೂರ್ವಾಂಶವು ‘ಹೋಸ್ತಿಸ್’ ಎಂಬ ಪದಕ್ಕೆ ಸೇರಿದ್ದು.

ಈ ‘ಹೋಸ್ತಿಸ್’ನ ಕಥೆ ಕೇಳಿದರೆ ವಾಚಕರಿಗೆ ಅಚ್ಚರಿಯಾದೀತು. ಲ್ಯಾಟಿನ್ ಕಾವ್ಯಗಳಲ್ಲಿ, ಚರಿತ್ರೆಗಳಲ್ಲಿ ಅದರ ಅರ್ಥ ‘ಶತ್ರು’. ಆದರೆ ತಮ್ಮ ಪೂರ್ವಿಕರ ಕಾಲದಲ್ಲಿ ಆ ಪದಕ್ಕೆ ‘ಪರಸ್ಥಳದವನು’ ಎಂದಷ್ಟೇ ಅರ್ಥವಿತ್ತೆಂದು ಸಿಸೆರೋ ತನ್ನ ಕರ್ತವ್ಯವಿಚಾರ ಗ್ರಂಥದಲ್ಲಿ ಹೇಳಿದ್ದಾನೆ. ಹೊರಗಿನಿಂದ ಬಂದವನೊಬ್ಬ. ಅವನನ್ನು ಒಳಗೆ ಕರೆದರೆ ಅತಿಥಿ, ಹೊಸ್ತಿಲಲ್ಲೇ ತಡೆದರೆ ಹಗೆ. ಒಂದೇ ಬೇರಿನಿಂದ ಒಂದು ಕಡೆ ಇಂಗ್ಲಿಷಿನ ‘ಗೆಸ್ಟ್’ ಹುಟ್ಟಿತು, ಇನ್ನೊಂದು ಕಡೆ ವೈರವನ್ನು ಹೇಳುವ ‘ಹಾಸ್ಟೈಲ್’ ಹುಟ್ಟಿತು. ಮನುಷ್ಯನು ಅಪರಿಚಿತನನ್ನು ಕಂಡಾಗ ಅವನೆದುರಿಗೆ ತೆರೆದುಕೊಳ್ಳುವ ಎರಡು ದಾರಿಗಳೂ ಈ ಒಂದು ಧಾತುವಿನಲ್ಲಿವೆ.

ಹಾಗಾದರೆ ಇಬ್ಬರಿಗೂ ಒಂದೇ ಹೆಸರೇಕೆ? ಪ್ರಾಚೀನ ರೋಮಿನ ಒಂದು ಪದ್ಧತಿ ಇದಕ್ಕೆ ಉತ್ತರ ಹೇಳುತ್ತದೆ. ದೂರದೂರಿನ ಇಬ್ಬರು ಆತಿಥ್ಯದ ಒಪ್ಪಂದ ಮಾಡಿಕೊಂಡರೆ ಪುಟ್ಟದೊಂದು ಬಿಲ್ಲೆಯನ್ನು ಎರಡು ಭಾಗಮಾಡಿ ಆಳಿಗೊಂದರಂತೆ ಇಟ್ಟುಕೊಳ್ಳುವ ರೂಢಿಯಿತ್ತು. ಅವರ ಮಕ್ಕಳೂ ಅದನ್ನು ಕಾಪಾಡಿಕೊಳ್ಳುತ್ತಿದ್ದರು. ಪ್ಲಾಟಸ್ ಎಂಬ ಪ್ರಾಚೀನ ನಾಟಕಕಾರನ ಒಂದು ಪ್ರಹಸನದಲ್ಲಿ ಕಾರ್ಥೇಜಿನ ಮುದುಕನೊಬ್ಬನು ಇಂಥ ಬಿಲ್ಲೆಯನ್ನು ತೋರಿಸಿ ತನ್ನ ಗುರುತು ಹೇಳಿಕೊಳ್ಳುತ್ತಾನೆ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಯುದ್ಧಭೂಮಿಯ ನಡುವೆ ಎದುರುಬದುರಾದ ಡಯೊಮಿಡೀಸ್, ಗ್ಲಾಕಸ್ ಎಂಬ ವೀರರು, ಒಬ್ಬನ ಅಜ್ಜ ಇನ್ನೊಬ್ಬನ ಅಜ್ಜನ ಮನೆಯಲ್ಲಿ ಉಂಡಿದ್ದನೆಂಬುದನ್ನು ತಿಳಿದೊಡನೆ ಈಟಿಗಳನ್ನು ಕೆಳಗಿಟ್ಟು ಕವಚಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಇಂದು ನೀನು ನನ್ನ ಬಾಗಿಲಿಗೆ, ನಾಳೆ ನಾನು ನಿನ್ನ ಬಾಗಿಲಿಗೆ. ಪಾತ್ರಗಳು ಹೀಗೆ ಅದಲುಬದಲಾಗುವಲ್ಲಿ ಹೆಸರುಗಳನ್ನು ಬೇರೆಮಾಡುವ ಅಗತ್ಯ ಅವರಿಗೆ ಕಾಣಲಿಲ್ಲ. ಬಿಲ್ಲೆಯೊಂದು, ತುಂಡುಗಳೆರಡು, ಮಾತೊಂದು, ಮನೆಗಳೆರಡು.

ಈ ಕುಲದ ಇತರ ಮಾತುಗಳೂ ಕುತೂಹಲಕರವಾಗಿವೆ. ಅತಿಥಿಗಳ ತಂಗುದಾಣವೆಂಬ ಅರ್ಥದ ಲ್ಯಾಟಿನ್ ಪದವೊಂದರಿಂದಲೇ ಫ್ರೆಂಚಿನ ‘ಓತೆಲ್’, ‘ಓಪಿತಾಲ್’ ಎರಡೂ ಬಂದುವು. ನಮಗೆ ಹೋಟೆಲೆಂದರೆ ದೋಸೆ, ಕಾಫಿ. ಫ್ರೆಂಚರಿಗೆ ಅದು ತಂಗುವ ಸ್ಥಳ. ಅಷ್ಟೇ ಅಲ್ಲ, ಶ್ರೀಮಂತರ ಭವನವೂ ಓತೆಲ್, ಪ್ರಧಾನಮಂತ್ರಿಗಳ ನಿವಾಸವೂ ಓತೆಲ್. ‘ಓತೆಲ್ ದ ವೀಲ್’ ಎಂಬ ಹಲಗೆಯನ್ನು ನೋಡಿ ಕೋಣೆ ಕೇಳಲು ಹೋದ ಪ್ರವಾಸಿಗೆ ಅಲ್ಲಿ ಸಿಕ್ಕುವವರು ಪುರಸಭೆಯ ಗುಮಾಸ್ತರು! ‘ದೇವರ ಓತೆಲ್’ ಎಂದರೆ ಧರ್ಮಾಸ್ಪತ್ರೆ. ಬರ್ಗಂಡಿ ಪ್ರಾಂತದ ಬೋನ್ ಎಂಬ ಊರಿನಲ್ಲಿ ೧೪೪೩ರಲ್ಲಿ ನಿಕೊಲಾ ರೋಲಾಂ ಎಂಬ ಮಂತ್ರಿ ಕಟ್ಟಿಸಿದ ಅಂಥ ಆಸ್ಪತ್ರೆಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ರೋಗಿಗಳು ಶುಶ್ರೂಷೆ ಪಡೆಯುತ್ತಿದ್ದರು. ರೋಗಿಯು ದೇವರ ಅತಿಥಿ ಎಂಬ ಭಾವನೆ ಆ ಹೆಸರಿನಲ್ಲಿದೆ. ಆದರೆ ಇದೇ ಕುಲದಲ್ಲಿ ‘ಒತಾಜ್’ ಎಂಬ ಮಗನೊಬ್ಬನಿದ್ದಾನೆ. ಅವನ ಅರ್ಥ ಒತ್ತೆಯಾಳು. ಹಿಂದೆ ಸಂಧಿಯ ಭರವಸೆಗಾಗಿ ಒಪ್ಪಿಸಿದ ರಾಜಕುಮಾರರನ್ನು ಎದುರಾಳಿಯ ಮನೆಯಲ್ಲೇ ಊಟವಿಕ್ಕಿ ಇರಿಸಿಕೊಳ್ಳುತ್ತಿದ್ದುದರಿಂದ ಈ ಅರ್ಥ ಬಂದಿತೆಂದು ಫ್ರೆಂಚ್ ನಿಘಂಟುಕಾರರು ಹೇಳುತ್ತಾರೆ. ಅತಿಥಿಯನ್ನು ಒತ್ತೆಯಾಳಿನಿಂದ ಬೇರೆಮಾಡುವುದು ಬಾಗಿಲ ಅಗುಳಿಯೊಂದೇ.

ಓತ್ ಶಬ್ದದ ಅರ್ಥವಿಸ್ತಾರ ಇಲ್ಲಿಗೂ ನಿಲ್ಲುವುದಿಲ್ಲ. ಫ್ರಾನ್ಸಿನ ಶಾಲಾಮಕ್ಕಳು ಬಾಯಿಪಾಠ ಮಾಡುವ ಲಾ ಫೊಂತೇನನ ಕಾಗೆ ನರಿಗಳ ಕಥೆಯಲ್ಲಿ ಕಾಡಿನ ಹಕ್ಕಿಗಳೆಲ್ಲ ಕಾಡಿನ ‘ಓತ್’ಗಳು, ಎಂದರೆ ನಿವಾಸಿಗಳು. ವೃತ್ತಪತ್ರಿಕೆಗಳು ಅಮೆರಿಕದ ಅಧ್ಯಕ್ಷರನ್ನು ‘ಶ್ವೇತಭವನದ ಓತ್’ ಎಂದು ಕರೆಯುವುದುಂಟು. ಆ ಮನೆಯ ಯಜಮಾನರೋ, ನಾಲ್ಕು ವರ್ಷದ ಅತಿಥಿಯೋ, ಹೇಗೆ ಬೇಕಾದರೂ ಓದಿಕೊಳ್ಳಬಹುದು. ಜೀವಶಾಸ್ತ್ರಜ್ಞರಿಗೆ ಪರೋಪಜೀವಿಯನ್ನು ಹೊತ್ತ ಪ್ರಾಣಿಯೇ ಓತ್. ಇನ್ನೊಬ್ಬರ ಅಂಗವನ್ನು ತನ್ನೊಳಗೆ ಕಸಿಮಾಡಿಸಿಕೊಂಡ ರೋಗಿಯ ದೇಹಕ್ಕೂ ವೈದ್ಯರು ಹಾಗೆಯೇ ಹೇಳುತ್ತಾರೆ. ಹಣ ಕೊಟ್ಟು ಒಬ್ಬರ ಮನೆಯಲ್ಲಿ ಉಳಿಯುವವನು ‘ಹಣ ತೆರುವ ಓತ್’. ಬೆಂಗಳೂರಿನ ಬೀದಿಗಳಲ್ಲಿ ‘ಪೀಜಿ’ ಎಂಬ ಎರಡಕ್ಷರದ ಹಲಗೆ ತೂಗುಹಾಕಿದ್ದಾರಲ್ಲ, ಅದೇ.

ಇಷ್ಟರವರೆಗೆ ಇದು ನಿಘಂಟಿನ ವಿನೋದವೆಂದು ತೋರಬಹುದು. ಆದರೆ ಈ ಇಬ್ಬಗೆಯ ಮಾತಿನ ಮೇಲೆ ಒಂದು ದೇಶದ ದುಃಖವನ್ನೇ ನಿಲ್ಲಿಸಿದ ಕಥೆಯೊಂದುಂಟು. ೧೯೫೭ರಲ್ಲಿ, ಎಂದರೆ ತನಗೆ ನೊಬೆಲ್ ಪಾರಿತೋಷಕ ಬಂದ ವರ್ಷವೇ, ಆಲ್ಬೇರ್ ಕಮೂ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಅದು ಸೇರಿದೆ. ಅದರ ಹೆಸರೇ ‘ಓತ್’. ಕಮೂ ಫ್ರೆಂಚನಾದರೂ ೧೯೧೩ರಲ್ಲಿ ಅಲ್ಜೀರಿಯದಲ್ಲಿ ಹುಟ್ಟಿದವನು. ಫ್ರೆಂಚರು ೧೮೩೦ರಲ್ಲಿ ದಂಡೆತ್ತಿ ಹೋಗಿ ಹಿಡಿದ ನಾಡು ಅದು. ಅಲ್ಲಿನ ಜನ ೧೯೫೪ರಲ್ಲಿ ಸ್ವಾತಂತ್ರ್ಯಕ್ಕಾಗಿ ಆಯುಧ ಹಿಡಿದರು; ಕಥೆ ಪ್ರಕಟವಾದಾಗ ಯುದ್ಧ ಇನ್ನೂ ನಡೆಯುತ್ತಿತ್ತು.

ಕಥೆ ಹೀಗಿದೆ. ಬೆಟ್ಟದ ಮೇಲಣ ಬಯಲಿನಲ್ಲಿ ಒಂಟಿ ಶಾಲೆ. ಅಲ್ಲಿ ದಾರೂ ಎಂಬ ಫ್ರೆಂಚ್ ಉಪಾಧ್ಯಾಯನೊಬ್ಬನೇ ವಾಸವಾಗಿದ್ದಾನೆ. ಬಹುಕಾಲದ ಬರಗಾಲ ಮುಗಿದು ಒಮ್ಮೆಗೇ ಹಿಮ ಸುರಿದಿದೆ, ಮಕ್ಕಳು ಬಂದಿಲ್ಲ. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಫ್ರಾನ್ಸಿನ ನಾಲ್ಕು ನದಿಗಳು ಹಾಗೆಯೇ ಇವೆ. ಆಗ ಬಾಲ್ದುಚ್ಚಿ ಎಂಬ ಮುದಿ ಪೋಲೀಸಿನವನು ಕುದುರೆಯ ಮೇಲೆ ಬರುತ್ತಾನೆ. ಅವನ ಹಿಂದೆ, ಕೈಗೆ ಹಗ್ಗ ಬಿಗಿಸಿಕೊಂಡು, ಒಬ್ಬ ಅರಬ ನಡೆದು ಬರುತ್ತಾನೆ. ಜಗಳದಲ್ಲಿ ತನ್ನ ದಾಯಾದಿಯನ್ನು ಕೊಂದವನು. ಇವನನ್ನು ನಾಳೆ ಪಟ್ಟಣದ ಠಾಣೆಗೆ ಒಪ್ಪಿಸಿ ಬರಬೇಕೆಂದು ಉಪಾಧ್ಯಾಯನಿಗೆ ಹೇಳಿ ಮುದುಕ ಹೊರಟುಹೋಗುತ್ತಾನೆ. ಅದು ತನ್ನಿಂದಾಗದೆಂದು ದಾರೂ ಹೇಳಿದುದನ್ನು ಅವನು ಕೇಳುವುದಿಲ್ಲ.

ದಾರೂ ಅರಬನ ಕಟ್ಟು ಬಿಚ್ಚುತ್ತಾನೆ, ಚಹಾ ಕೊಡುತ್ತಾನೆ, ಅಡಿಗೆ ಮಾಡಿ ಅವನೊಡನೆ ಕುಳಿತು ಉಣ್ಣುತ್ತಾನೆ, ತನ್ನ ಕೋಣೆಯಲ್ಲೇ ಹಾಸಿಗೆ ಹಾಸುತ್ತಾನೆ. ಒಂದೇ ಸೂರಿನಡಿ ಮಲಗಿದವರ ನಡುವೆ ತಾನಾಗಿಯೇ ಹುಟ್ಟುವ ಸೋದರಭಾವ ಅವನಿಗೆ ಬೇಡ, ಬೇಡವೆಂದರೂ ಹುಟ್ಟುತ್ತದೆ. ಮಾರನೆಯ ದಿನ ಅವನನ್ನು ಬಹುದೂರ ಕರೆದೊಯ್ದು, ಖರ್ಜೂರ, ರೊಟ್ಟಿ, ಸಕ್ಕರೆ, ಸಾವಿರ ಫ್ರಾಂಕುಗಳನ್ನು ಕೈಯಲ್ಲಿಟ್ಟು ಎರಡು ದಾರಿಗಳನ್ನು ತೋರಿಸುತ್ತಾನೆ. ಪೂರ್ವಕ್ಕೆ ಹೋದರೆ ಪೋಲೀಸ್ ಠಾಣೆ. ದಕ್ಷಿಣಕ್ಕೆ ಹೋದರೆ ಅಲೆಮಾರಿ ಜನರು, ಅವರು ತಮ್ಮ ಧರ್ಮದಂತೆ ಇವನಿಗೆ ಆಶ್ರಯ ಕೊಡುತ್ತಾರೆ. ನಿರ್ಧಾರ ನಿನ್ನದು ಎಂಬಂತೆ ಹಿಂದಿರುಗುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅರಬನು ಸೆರೆಮನೆಯ ದಾರಿಯಲ್ಲೇ ಮೆಲ್ಲಗೆ ನಡೆಯುತ್ತಿದ್ದಾನೆ! ಶಾಲೆಗೆ ಬಂದರೆ, ಕರಿಹಲಗೆಯ ಮೇಲೆ ಫ್ರಾನ್ಸಿನ ನದಿಗಳ ನಡುವೆ ಯಾರೋ ಬರೆದು ಹೋಗಿದ್ದಾರೆ: ನಮ್ಮವನನ್ನು ಹಿಡಿದುಕೊಟ್ಟೆ, ಇದಕ್ಕೆ ತಕ್ಕುದನ್ನು ಅನುಭವಿಸುವೆ ಎಂದು ಅದರ ತಾತ್ಪರ್ಯ. ತಾನು ಹುಟ್ಟಿ ಅಷ್ಟೊಂದು ಪ್ರೀತಿಸಿದ ನಾಡಿನಲ್ಲಿ ದಾರೂ ಒಂಟಿಯಾಗಿ ನಿಲ್ಲುತ್ತಾನೆ.

ಈಗ ಕೇಳೋಣ: ಈ ಕಥೆಯಲ್ಲಿ ‘ಓತ್’ ಯಾರು? ಶಾಲೆಗೆ ಬಂದು ಉಂಡು ಮಲಗಿದ ಅರಬನೆ? ಹೌದು. ಅವನಿಗೆ ಉಣಬಡಿಸಿದ ದಾರೂ ಅಲ್ಲವೆ? ಅವನೂ ಹೌದು. ಆದರೆ ಶಾಲೆಯಿಂದ ಹೊರಗೆ ಬಂದು ನೋಡಿದರೆ ಆ ನೆಲ ಯಾರದು? ಅರಬನ ಪೂರ್ವಿಕರದು. ಆಗ ಅರಬನೇ ಮನೆಯವನು, ದಾರೂ ಕರೆಯದೆ ಬಂದ ಅತಿಥಿ. ಆದರೆ ದಾರೂ ಹುಟ್ಟಿದ್ದೂ ಅಲ್ಲಿಯೇ. ಅವನಿಗೆ ಬೇರೊಂದು ನಾಡಿಲ್ಲ. ಹುಟ್ಟಿದ ನೆಲದಲ್ಲಿ ಮನುಷ್ಯನು ಅತಿಥಿಯಾಗುವುದುಂಟೆ? ಕಥೆ ಉತ್ತರ ಹೇಳುವುದಿಲ್ಲ. ಉತ್ತರ ಹೇಳದ ಮಾತನ್ನೇ ಹಣೆಪಟ್ಟಿಯಾಗಿ ಧರಿಸಿಕೊಂಡು ನಿಂತಿದೆ. ಕಮೂ ೧೯೬೦ರ ಜನವರಿಯಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡನು. ೧೯೬೨ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು. ದಾರೂವಿನಂಥವರು ಲಕ್ಷಗಟ್ಟಲೆಯಾಗಿ, ಎಷ್ಟೋ ಮಂದಿ ತಾವು ಕಂಡೇ ಇರದ ಫ್ರಾನ್ಸಿಗೆ ಹಡಗು ಹತ್ತಿದರು.

ಇಂಥ ಶೀರ್ಷಿಕೆಯನ್ನು ಭಾಷಾಂತರಿಸುವವನ ಪಾಡೇನು? ೧೯೫೮ರಲ್ಲಿ ಇಂಗ್ಲಿಷಿಗೆ ತಂದ ಜಸ್ಟಿನ್ ಓಬ್ರಿಯನ್ ಅದನ್ನು ‘ಗೆಸ್ಟ್’ ಎಂದು ಮಾಡಿದರು. ತಪ್ಪೆನ್ನಲಾಗದು, ಎರಡರಲ್ಲಿ ಒಂದನ್ನು ಆರಿಸದೆ ಇಂಗ್ಲಿಷಿನಲ್ಲಿ ಗತಿಯಿಲ್ಲ. ಆದರೆ ಆರಿಸಿದೊಡನೆ ತೀರ್ಪು ಕೊಟ್ಟಂತಾಯಿತು: ಅರಬನು ಬಂದವನು, ಫ್ರೆಂಚನು ಮನೆಯವನು. ಕನ್ನಡದಲ್ಲಿ ‘ಅತಿಥಿ’ ಎಂದರೂ ಇದೇ ಗತಿ. ‘ಆತಿಥೇಯ’ ಎಂದರೆ ಇನ್ನೊಂದು ಬದಿಗೆ ತಕ್ಕಡಿ ವಾಲುತ್ತದೆ. ನಮ್ಮ ಸಾಲಗಾರನಂತೆ, ಬೀಗನಂತೆ ಎರಡು ಮುಖದ ಮಾತು ಆತಿಥ್ಯಕ್ಕೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಭಾಷೆ ಸ್ಪಷ್ಟವಾಗಿರುವುದು ಯಾವಾಗಲೂ ಲಾಭವಲ್ಲವೆಂಬುದು ಇಂಥ ಕಡೆ ಅರಿವಾಗುತ್ತದೆ.

ಅದೇ ಅಲ್ಜೀರಿಯದಲ್ಲಿ ೧೯೩೦ರಲ್ಲಿ ಹುಟ್ಟಿದ ಇನ್ನೊಬ್ಬ ಮಹಾವಿದ್ವಾಂಸ ಜಾಕ್ ದೆರಿದಾ. ಆತನದು ಯೆಹೂದ್ಯ ಕುಟುಂಬ. ಅಲ್ಜೀರಿಯದ ಯೆಹೂದ್ಯರಿಗೆ ೧೮೭೦ರಲ್ಲಿ ಕೊಟ್ಟಿದ್ದ ಫ್ರೆಂಚ್ ಪೌರತ್ವವನ್ನು ೧೯೪೦ರಲ್ಲಿ ವಿಶೀ ಸರ್ಕಾರ ಕಿತ್ತುಕೊಂಡಿತು. ಎರಡು ವರ್ಷಗಳ ಮೇಲೆ ಹನ್ನೆರಡರ ಬಾಲಕ ದೆರಿದಾನನ್ನು ಶಾಲೆಯಿಂದ ಹೊರಗೆ ಹಾಕಿದರು. ತನ್ನ ಮನೆಯೆಂದು ನಂಬಿದ್ದಲ್ಲಿ ಒಂದು ಬೆಳಗ್ಗೆ ಪರಕೀಯನಾದ ಈ ಬಾಲಕನೇ ಮುಂದೆ, ೧೯೯೭ರಲ್ಲಿ, ಆತಿಥ್ಯವನ್ನು ಕುರಿತ ಪುಸ್ತಕವನ್ನು ಹೊರತಂದನು. ಮನೆಯ ಯಜಮಾನನೆಂದು ಬೀಗುವವನೂ ತನ್ನ ಮನೆಯಲ್ಲಿ ಅತಿಥಿಯೇ. ಬಂದವನೇ ಅವನನ್ನು ಯಜಮಾನನನ್ನಾಗಿ ಮಾಡುತ್ತಾನೆ ಎಂಬ ವಿಚಾರಕ್ಕೆ ‘ಓತ್’ ಶಬ್ದದ ಇಮ್ಮುಖವೇ ಅವನಿಗೆ ಆಧಾರ.

ಇವೆಲ್ಲ ಪಂಡಿತರ ಜಿಜ್ಞಾಸೆಯೆಂದು ತಳ್ಳಿಬಿಡುವಂತಿಲ್ಲ. ಇಟಲಿಯ ಗಡಿಗೆ ಹತ್ತಿದ ರೋಯಾ ಕಣಿವೆಯಲ್ಲಿ ಸೆದ್ರಿಕ್ ಎರು ಎಂಬ ರೈತನಿದ್ದಾನೆ. ರಹದಾರಿಯಿಲ್ಲದೆ ಗಡಿ ದಾಟಿ ಬಂದ ವಲಸೆಗಾರರಿಗೆ ನೆರವಾಗಿ, ತನ್ನ ಹೊಲದಲ್ಲಿ ಇಳಿದುಕೊಳ್ಳಲು ಎಡೆಗೊಟ್ಟುದಕ್ಕಾಗಿ ೨೦೧೭ರಲ್ಲಿ ಆತನಿಗೆ ನ್ಯಾಯಾಲಯವು ನಾಲ್ಕು ತಿಂಗಳ ಶಿಕ್ಷೆ ವಿಧಿಸಿ, ಅದನ್ನು ಅಮಾನತಿನಲ್ಲಿರಿಸಿತು. ವ್ಯವಹಾರವು ರಾಜ್ಯಾಂಗ ಪರಿಷತ್ತಿನವರೆಗೆ ಹೋಯಿತು. ಸ್ವಾತಂತ್ರ್ಯ, ಸಮತೆ, ಭ್ರಾತೃತ್ವ ಎಂಬ ಫ್ರಾನ್ಸಿನ ಧ್ಯೇಯವಾಕ್ಯದಲ್ಲಿನ ಮೂರನೆಯ ಮಾತು ಬರಿಯ ಅಲಂಕಾರವಲ್ಲ, ರಾಜ್ಯಾಂಗದ ತತ್ತ್ವ. ಪ್ರತಿಫಲವನ್ನು ಬಯಸದೆ, ದಯೆಯಿಂದ, ದೇಶದೊಳಗಿರುವ ಪರದೇಶಿಗೆ ನೆರವಾಗುವ ಸ್ವಾತಂತ್ರ್ಯ ಅದರಲ್ಲಿ ಅಡಗಿದೆಯೆಂದು ಪರಿಷತ್ತು ೨೦೧೮ರ ಜುಲೈ ೬ರಂದು ಹೇಳಿತು. ಗಡಿಯನ್ನು ದಾಟಿಸುವ ಕಾರ್ಯಕ್ಕೆ ಈ ರಕ್ಷೆ ದೊರೆಯಲಿಲ್ಲ. ರೈತನ ಮೇಲಿನ ಮೊಕದ್ದಮೆ ೨೦೨೧ರಲ್ಲಿ ಕೊನೆಗಂಡಿತು. ಅವನು ನಿರಪರಾಧಿಯಾಗಿ ಹೊರಬಂದನು. ದೇಶದ ಬಾಗಿಲು ಎಷ್ಟು ತೆರೆದಿರಬೇಕೆಂಬುದನ್ನು ಸರ್ಕಾರಗಳು ಚರ್ಚಿಸುತ್ತಲೇ ಇರುತ್ತವೆ; ಚರ್ಚಿಸಲೂ ಬೇಕು. ಆದರೆ ಹಸಿದು ಬಂದವನಿಗೆ ಅನ್ನವಿಕ್ಕಿದವನು ಅಪರಾಧಿಯೆ ಎಂಬ ಪ್ರಶ್ನೆ ಬಂದಾಗ, ಹಳೆಯ ‘ಹೋಸ್ತಿಸ್’ನ ಎರಡು ದಾರಿಗಳೂ ಮತ್ತೆ ಎದುರಿಗೆ ನಿಂತುವು.

ಭಾಷೆಗಳು ಎಷ್ಟೋ ವಿವೇಕವನ್ನು ಸದ್ದಿಲ್ಲದೆ ಕಾಪಾಡಿಕೊಂಡು ಬರುತ್ತವೆ. ಸಕಾರವನ್ನು ಕಳೆದುಕೊಂಡರೂ, ಎಚ್ ಅಕ್ಷರ ಮೂಕವಾದರೂ, ಈ ಪುಟ್ಟ ಫ್ರೆಂಚ್ ಮಾತು ತನ್ನ ಎರಡು ಅರ್ಥಗಳಲ್ಲಿ ಒಂದನ್ನೂ ಬಿಟ್ಟುಕೊಡಲಿಲ್ಲ. ಅನ್ನವಿಕ್ಕುವ ಕೈಗೂ ಅನ್ನಕ್ಕೆ ಚಾಚುವ ಕೈಗೂ ಹೆಸರೊಂದೇ ಎಂದು ಅದು ಹೇಳುತ್ತಲೇ ಇದೆ. ಬಾಡಿಗೆಯ ಮನೆಯಲ್ಲಿದ್ದರೂ ಸರಿ, ಸ್ವಂತ ಮನೆಯಲ್ಲಿದ್ದರೂ ಸರಿ, ಈ ಹೆಸರಿನ ಎರಡನೆಯ ಅರ್ಥವನ್ನು ನಾವು ಮರೆಯದಿರುವುದು ಮೇಲು.